ಕರ್ಣನಿಗೆ ಅಳ್ತೇವೆ, ಕೇರಿಯ ಶಿಶುವಿಗೆ ಬಾಗಿಲು ಹಾಕ್ತೇವೆ

ಮೊನ್ನೆ ಐತವಾರದ ಸಮಾಜದ ಸಭೆಗೆ ನಿಮ್ಮಲ್ಲಿ ಸುಮಾರು ಜನ ಬಂದಿದ್ರಿ. ಊಟ ಚಲೋ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೂದು ಊಟಕ್ಕಿಂತ ಮೊದಲು ಆದ ಭಾಷಣದ ಮೇಲೆ, ಮತ್ತೆ ಊಟದ ಪಂಕ್ತಿಯಲ್ಲಿ ನಾವು ಹೆಂಗಸರು ಆಡಿದ ಮಾತಿನ ಮೇಲೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ನಮ್ಮ ಹುಳುಕು ನಮಗೇ ಕಾಣ್ತದೆ. ಆ ದಿನದಿಂದ ನನಗೆ ಸಮ ನಿದ್ರೆ ಇಲ್ಲ, ಅದಕ್ಕೇ ಬರೀತೆ. ಬೇಜಾರಾದ್ರೆ ಎದುರಿಗೆ ಬಂದು ಬೈಯಿರಿ, ಚಾ ಮಾಡಿ ಕೊಟ್ಟೇ ಬೈಸ್ಕೊಳ್ತೆ.

ಭಾಷಣ ಮಾಡಿದವರು ಹೇಳಿದ್ದೆಂತದು? ನಮ್ಮ ಮನೆಗಳಲ್ಲಿ ತೊಟ್ಟಿಲು ಅಟ್ಟ ಸೇರಿದೆ, ಜನಸಂಖ್ಯೆ ಇಳೀತಾ ಅದೆ, ಹುಡುಗಿಯರು ಕಲ್ತು ಕಲ್ತು ಮದುವೆ ತಡ ಮಾಡ್ತ್ರು, ಮನೆಗೆ ಮೂರಾದ್ರೂ ಮಕ್ಕಳು ಬೇಕು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳ್ಲಿ? ಆಮೇಲೆ ಎಲೆ ಹಾಕಿದ್ರು. ಅನ್ನದ ಮೇಲೆ ಸಾರು ಬೀಳೂಕೂ ಪುರಸೊತ್ತಿಲ್ಲ, ನಮ್ಮ ಸಾಲಿನಲ್ಲಿ ಶುರು ಆಯ್ತು. "ಆ ಹುಡುಗಿದು ಮಗು ಈಗ ನಡೀತದಂತೆ." "ನಾಚಿಕೆ ಇಲ್ದೆ ಎತ್ಕೊಂಡು ಬಸ್ ಸ್ಟಾಪಿಗೆ ಬತ್ತದೆ." "ಅವಳ ಆಯಿ ಮುಖ ಹೊತ್ಕೊಂಡು ಹೇಂಗೆ ತಿರುಗ್ತಾಳೋ." ಮಕ್ಕಳು ಬೇಕು ಹೇಳಿ ಚಪ್ಪಾಳೆ ತಟ್ಟಿದ ಕೈ ಇನ್ನೂ ಬಿಸಿ ಇತ್ತು. ಅದೇ ಕೈಯಲ್ಲಿ ಅನ್ನ ಕಲಸ್ತಾ ಒಂದು ಮಗು ಹುಟ್ಟಿದ್ದೇ ತಪ್ಪು ಹೇಳಿ ತೀರ್ಮಾನ ಮಾಡಿ ಎದ್ವಿ.

ಆ ಹುಡುಗಿಯ ಹೆಸರು ನಾನು ಬರೆಯೂದಿಲ್ಲ. ಊರು, ಕೆಲಸ, ಮನೆ ಎಲ್ಲ ಬದಲು ಮಾಡಿಯೇ ಬರೀತೆ, ಅವಳ ಹತ್ರ ಕೇಳಿಯೇ ಬರೀತೆ. ಗೋವೆಗೆ ಕೆಲಸಕ್ಕೆ ಹೋಗಿದ್ಳು, ನಮ್ಮ ಕಡೆಯ ಎಷ್ಟೋ ಮಕ್ಕಳು ಹೋಪ ಹಾಗೆ. ಅಲ್ಲಿ ಒಬ್ಬ ಮದುವೆ ಆಗ್ತೆ ಹೇಳ್ದ. ಐದು ತಿಂಗಳಾದಾಗ ಅವನ ಫೋನು ಬಂದಾಯ್ತು. ಈಗ ಅವನಿಗೆ ಅವನ ಊರಲ್ಲಿ ಮದುವೆ ಆಗಿ ಚಲೋ ಅದೆ, ಮದುವೆಗೆ ಊರೆಲ್ಲ ಹೋಗಿ ಉಂಡು ಬಂತಂತೆ. ಇವಳು ಹೊಟ್ಟೆ ಹೊತ್ತು ತಾಯಿಮನೆಗೆ ಬಂದ್ಳು, ಹೆತ್ಳು.

ಮಗುವನ್ನು ತೊಟ್ಟಿಲಿಗೆ ಹಾಕೂ ದಿನ ಅವಳ ಆಯಿ ಕುಂಕುಮದ ಬಟ್ಟಲು ಹಿಡ್ಕೊಂಡು ನಮ್ಮ ಜಗಲಿಗೂ ಬಂದಿದ್ಳು. "ಬಾ ಅಕ್ಕ" ಅಂದ್ಳು, ಮತ್ತೆಂತಾ ಹೇಳಲಿಲ್ಲ. ನಾನು "ಮಂಡಿ ನೋವು ಮಾರಾಯ್ತಿ, ನೋಡ್ತೆ" ಅಂದೆ. ನನಗೆ ಆ ದಿನ ಮಂಡಿ ನೋವು ಇರಲಿಲ್ಲ. ಅವಳು ನಲವತ್ತು ಜನಕ್ಕೆ ಪಾಯಸ ಮಾಡಿದ್ಳು. ಹೋದವರು ಆರು ಜನ. ಉಳಿದ ಪಾಯಸ ಮರುದಿನ ಹಿತ್ಲ ತೆಂಗಿನ ಬುಡಕ್ಕೆ ಹೋಯ್ತು. ಇದನ್ನು ಬರೀಲಾ ಹೇಳಿ ಕೇಳಿದ್ದಕ್ಕೆ ಆ ಹುಡುಗಿ, "ಬರಿ ದೊಡ್ಡಾಯಿ, ಪಾಯಸದ್ದು ಬಿಡದೆ ಬರಿ" ಅಂದ್ಳು.

ಹಾಗಾಗಿ ಇದು ನಿಮ್ಮ ಮೇಲೆ ಮಾತ್ರ ಬರೆದದ್ದಲ್ಲ. ಮೊದಲ ಕಲ್ಲು ನನ್ನ ಮನೆಯ ಹಂಚಿನ ಮೇಲೇ ಬೀಳಲಿ.

ಈಗ ಲೆಕ್ಕಕ್ಕೆ ಬಪ್ಪ. ಜನಸಂಖ್ಯೆ ಇಳೀತದೆ ಹೇಳೂದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಹೇಳಿ ಸರಕಾರದವರು ಲೆಕ್ಕ ಹಾಕ್ತ್ರು, ಫಲವತ್ತತೆ ದರ ಅಂತಾರೆ ಅದಕ್ಕೆ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ್ದು 3.4 ಇತ್ತು. 2019-21ರ ಸಮೀಕ್ಷೆಯಲ್ಲಿ 2.0ಕ್ಕೆ ಬಂತು, ನಮ್ಮ ಕರ್ನಾಟಕದ್ದು 1.7. ಜನಸಂಖ್ಯೆ ಇಳಿಯದೆ ಇದ್ದಷ್ಟೇ ಇರಬೇಕಾದ್ರೆ ಸುಮಾರು 2.1 ಬೇಕು. ನಮ್ಮ ಮನೆಯನ್ನೇ ನೋಡಿ. ನನ್ನ ಆಯಿ ಏಳು ಹೆತ್ಲು, ನಾನು ಎರಡು, ನನ್ನ ಮಗಳು ಒಂದು ಸಾಕು ಹೇಳಿ ಕೂತಿದ್ದಾಳೆ. ದಕ್ಷಿಣದ ರಾಜ್ಯಗಳಿಗೆ ಜನ ಕಡಿಮೆ ಆದ್ರೆ ಪಾರ್ಲಿಮೆಂಟಿನ ಸೀಟೂ ಕಡಿಮೆ ಆದೀತು ಹೇಳಿ ಹೆದರಿಕೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಹೆರಿ ಅಂದ್ರು. ಅದೇ ತಿಂಗಳು ತಮಿಳುನಾಡಿನ ಸ್ಟಾಲಿನ್ ಒಂದು ಸಾಮೂಹಿಕ ಮದುವೆಯಲ್ಲಿ ಹದಿನಾರು ಮಕ್ಕಳ ಮಾತು ತೆಗೆದ್ರು. ನಮ್ಮ ಸಭೆಯ ಭಾಷಣಕ್ಕೆ ಗಾಳಿ ಬಂದದ್ದು ಅಲ್ಲಿಂದ.

ಆದ್ರೆ ನಿಮಗೆ ನೆನಪಿಲ್ವಾ? ಇದೇ ದೇಶ ನಮಗೆ "ಎರಡು ಸಾಕು" ಹೇಳಿ ಗೋಡೆಗೋಡೆಯಲ್ಲಿ ಬರೆದಿತ್ತು. ಆಪರೇಶನ್ ಮಾಡಿಸ್ಕೊಂಡವರು ಯಾರು? ನಾವೇ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಂತಾನಹರಣ ಆಪರೇಶನ್ ಆಗಿದೆ ಹೇಳಿ ಅದೇ ಸಮೀಕ್ಷೆ ಹೇಳ್ತದೆ. ಗಂಡಸರದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಬೇಡ ಅಂದಾಗ ನಮ್ಮ ಹೊಟ್ಟೆ ಕೊಯ್ದ್ರು, ಬೇಕು ಅಂದಾಗ ನಮ್ಮ ಹೊಟ್ಟೆಯ ಬಗ್ಗೆ ಮೈಕಿನಲ್ಲಿ ಮಾತಾಡ್ತ್ರು. ಹೊಟ್ಟೆ ನಮ್ಮದು, ಲೆಕ್ಕ ಯಾರ್ಯಾರದ್ದೋ.

ಈ ಮಾತನ್ನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ಹತ್ರ ಹೇಳ್ದೆ. ಅವನು ಬುದ್ಧಿವಂತ, ಬೇರೆಯೇ ದಾರಿ ಹಿಡ್ದ. "ಚಿಕ್ಕಿ, ಫ್ರಾನ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮದುವೆ ಆಗದ ತಾಯಂದಿರಿಗೇ ಹುಟ್ಟೂದು. ಸ್ವೀಡನ್ನಿನಲ್ಲೂ ಹಾಗೆ. ಯುರೋಪಿನಲ್ಲಿ ಫ್ರಾನ್ಸಿನ ದರ ಮೇಲಿರೂದು ಅದಕ್ಕೇ. ಜಪಾನು, ಕೊರಿಯಾ ಮರ್ಯಾದೆ ಮರ್ಯಾದೆ ಹೇಳಿ ಮದುವೆಗೇ ಕಟ್ಟಿ ಹಾಕಿದ್ರು, ಈಗ ಅಲ್ಲಿ ಮಕ್ಕಳೇ ಇಲ್ಲ. ನಮ್ಮ ದೇಶವೂ ಒಪ್ಪಿಕೊಂಡ್ರೆ ದರ ಏರ್ತದೆ."

ಕೇಳೂಕೆ ಚೆಂದ ಅದೆ, ನನ್ನ ಕಡೆಗೇ ಬರುವ ಮಾತೂ ಹೌದು. ಆದ್ರೂ ನಾನು ಒಪ್ಪೂದಿಲ್ಲ. ಅರ್ಧ ಲೆಕ್ಕ ಅದು. ಜಪಾನಿನಲ್ಲಿ ಮದುವೆ ಹೊರಗೆ ಹುಟ್ಟುವ ಮಕ್ಕಳು ನೂರಕ್ಕೆ ಎರಡರಷ್ಟು, ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ನೂರಕ್ಕೆ ಐದೂ ಇರಲಿಲ್ಲ, ಆ ವರ್ಷ ಕೊರಿಯಾದ ದರ 0.72. ಅಲ್ಲಿಯ ತನಕ ಅವನು ಹೇಳಿದ್ದು ಸರಿ. ಆದ್ರೆ ದಕ್ಷಿಣ ಅಮೆರಿಕದ ಚಿಲಿ ನೋಡಿ. ಅಲ್ಲಿ ಮುಕ್ಕಾಲು ಪಾಲು ಮಕ್ಕಳು ಮದುವೆ ಹೊರಗೇ ಹುಟ್ಟೂದು, ಆದ್ರೂ ದರ 1.2ಕ್ಕಿಂತ ಕೆಳಗೆ. ಇಟಲಿಯಲ್ಲಿ ನೂರಕ್ಕೆ ನಲವತ್ತು ಹಾಗೆ ಹುಟ್ತಾವೆ, ದರ ಅಲ್ಲೂ ಸುಮಾರು 1.2. ಸ್ವೀಡನ್ ಕೂಡ 2024ರಲ್ಲಿ 1.43ಕ್ಕೆ ಇಳೀತು. ಮದುವೆ ಬಿಟ್ಟ ಕೂಡ್ಲೆ ತೊಟ್ಟಿಲು ತುಂಬೂದಿಲ್ಲ, ಮದುವೆ ಬಿಗಿ ಮಾಡಿದ್ರೂ ತುಂಬೂದಿಲ್ಲ. ಎರಡೂ ಕಡೆಯವರು ಹೆಂಗಸರನ್ನು ಕೋಳಿಗೂಡಿನ ಹಾಗೆ ನೋಡ್ತ್ರು, ಬಾಗಿಲು ತೆಗೆದ್ರೆ ಮೊಟ್ಟೆ ಹೆಚ್ಚೋ ಮುಚ್ಚಿದ್ರೆ ಹೆಚ್ಚೋ ಹೇಳಿ.

ಇನ್ನೊಂದು ವಿಷಯ ಅವನು ಬಿಟ್ಟ. ಫ್ರಾನ್ಸಿನಲ್ಲಿ ಮದುವೆ ಹೊರಗೆ ಅಂದ್ರೆ ಗಂಡು ಓಡಿಹೋದ ಹೇಳಿ ಅರ್ಥ ಅಲ್ಲ. ಹೆಚ್ಚಿನ ಕಡೆ ಅಪ್ಪ ಅದೇ ಮನೆಯಲ್ಲಿರ್ತಾನೆ, ಮಗುವಿನ ದಾಖಲೆಯಲ್ಲಿ ಅವನ ಹೆಸರಿರ್ತದೆ. ಮದುವೆ ಆಗದೆ ಒಟ್ಟಿಗೆ ಇರುವವರಿಗೆ 1999ರಿಂದ ಅಲ್ಲಿ ಒಂದು ನೋಂದಣಿಯೂ ಅದೆ. ಸ್ವೀಡನ್ನಿನಲ್ಲಿ ಮಗು ಹುಟ್ಟಿದ್ರೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ ರಜೆ, ಮದುವೆ ಆಗಿದ್ಯಾ ಹೇಳಿ ಕೇಳೂದಿಲ್ಲ. ನಮ್ಮಲ್ಲಿ 26 ವಾರದ ಹೆರಿಗೆ ರಜೆ ಅದೆ, ಅದು ಕಚೇರಿ ಕಂಪನಿಯವರಿಗೆ. ಬುಟ್ಟಿ ಹೊತ್ತು ಮೀನು ಮಾರುವವಳಿಗೆ, ಗದ್ದೆ ನಟ್ಟಿಗೆ ಹೋಪವಳಿಗೆ, ಹೋಟೆಲಿನಲ್ಲಿ ಪಾತ್ರೆ ತಿಕ್ಕುವವಳಿಗೆ ಯಾವ ರಜೆ? ಮಕ್ಕಳು ಬೇಕಾದ್ರೆ ಮೊದಲು ಈ ಲೆಕ್ಕ ತೆಗೀರಿ. ಒಂದು ಮಗುವಿನ ಶಾಲೆಯ ಫೀಸು, ಬಸ್ಸು, ಔಷಧ ಇಷ್ಟು ಆಗುವಾಗ ಮೂರು ಹೆರಿ ಹೇಳುವವರು ಯಾವ ತಿಂಗಳ ಖರ್ಚು ಕೊಡ್ತ್ರು?

ನನ್ನ ಮಾತು ಇಷ್ಟೇ. ಆ ಹುಡುಗಿಯ ಮಗು ದೇಶದ ದರ ಏರಿಸೂಕೆ ಹುಟ್ಟಿದ್ದಲ್ಲ, ನಮ್ಮ ಸಮಾಜದ ಮರ್ಯಾದೆ ಇಳಿಸೂಕೂ ಹುಟ್ಟಿದ್ದಲ್ಲ. ಅದು ಮಗು. ಹುಟ್ಟಿ ಆಗಿದೆ. ಹುಟ್ಟಿದ ಮಗುವನ್ನು ಬೆಳೆಸೂದು ಊರಿನ ಕೆಲಸ. ಹುಟ್ಟದ ಮೂರನೇ ಮಗುವಿಗೆ ಚಪ್ಪಾಳೆ, ಎದುರಿಗೆ ನಡೀತಾ ಇರುವ ಮಗುವಿಗೆ ಬೆನ್ನು, ಇದಕ್ಕೆ ಯಾವ ಧರ್ಮ, ಯಾವ ಲೆಕ್ಕ ಅದೆ ಹೇಳಿ ನನಗೆ ಯಾರಾದ್ರೂ ತಿಳಿಸಿ.

ಕಾನೂನು ನಮಗಿಂತ ಮುಂದೆ ಹೋಗಿ ಎಷ್ಟೋ ವರ್ಷ ಆಯ್ತು. 1956ರ ಕಾನೂನಿನಲ್ಲೇ ಅದೆ, ಮದುವೆ ಆಗದ ಹಿಂದೂ ತಾಯಿಯ ಮಗುವಿಗೆ ಮೊದಲ ಪಾಲಕಿ ತಾಯಿ, ಅಪ್ಪ ಆಮೇಲೆ. 2015ರ ಜುಲೈ 6ಕ್ಕೆ ಸುಪ್ರೀಂ ಕೋರ್ಟ್ ಹೇಳ್ತು, ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳಲೇಬೇಕು ಅಂತಿಲ್ಲ, ಅವಳು ಪ್ರಮಾಣಪತ್ರ ಕೊಟ್ರೆ ಮಗುವಿನ ಜನನ ದಾಖಲೆ ಕೊಡಲೇಬೇಕು. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಅವರ ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರ್ 1ಕ್ಕೆ ಇನ್ನೊಂದು ತೀರ್ಪು ಬಂತು. ಎರಡನೇ ಸಂಬಂಧದ ಹಾಗೆ ಕಾನೂನು ಒಪ್ಪದ ಮದುವೆಯಾದ್ರೂ, ಅದರಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕು ಅದೆ. ಅಪ್ಪ ಅಮ್ಮನ ಸಂಬಂಧ ಹೇಗೇ ಇರಲಿ, ಮಗುವಿನ ತಪ್ಪು ಎಂತದು ಹೇಳೂದೇ ಆ ಮೊಕದ್ದಮೆಯ ಉದ್ದಕ್ಕೂ ಇದ್ದ ಪ್ರಶ್ನೆ. ಕೋರ್ಟಿಗೆ ಅರ್ಥ ಆದದ್ದು ನಮ್ಮ ಜಗಲಿಗೆ ಅರ್ಥ ಆಗಲಿಲ್ಲ.

ಹಟ್ಟಿಕೇರಿಯಲ್ಲಿ ಹೈವೇ ಮೇಲೆ ಟೋಲ್ ಗೇಟ್ ಅದೆ. ಅಲ್ಲಿ ದುಡ್ಡು ಕೊಟ್ರೆ ಯಾರ ಗಾಡಿ ಹೇಳಿ ಕೇಳದೆ ಬಿಡ್ತ್ರು. ನಾವು ಹೆಂಗಸರು ಕೇರಿಯ ಬಾಯಿಯಲ್ಲಿ ಇನ್ನೊಂದು ಗೇಟ್ ಹಾಕಿ ಕೂತಿದ್ದೇವೆ. ಅಪ್ಪನ ಹೆಸರು ಕೊಟ್ಟವರು ಮಾತ್ರ ದಾಟಬಹುದು.

ಈಗ ನನ್ನ ಅತ್ತಿಗೆ ಒಬ್ಳು ಕೇಳುವ ಪ್ರಶ್ನೆ. "ಹೀಂಗೆ ಎಲ್ಲ ಒಪ್ಪಿಕೊಂಡ್ರೆ ನಾಳೆ ಎಲ್ಲ ಹುಡುಗಿಯರೂ ಇದನ್ನೇ ಮಾಡೂದಿಲ್ವಾ?" ಪ್ರಶ್ನೆ ಸಣ್ಣದಲ್ಲ, ಮಗಳು ಇರುವವರಿಗೆಲ್ಲ ಈ ಹೆದರಿಕೆ ಇರ್ತದೆ, ನನಗೂ ಇತ್ತು. ಆದ್ರೆ ಅತ್ತಿಗೆ, ಒಂಟಿಯಾಗಿ ಮಗು ಹೆತ್ತು ಸಾಕೂದು ಜಾತ್ರೆಯಾ, ನೋಡಿ ಆಸೆ ಆಗೂಕೆ? ರಾತ್ರಿ ಮಗು ಕೂಗಿದ್ರೆ ಏಳೂದು ಅವಳೇ, ಬೆಳಿಗ್ಗೆ ಕೆಲಸಕ್ಕೆ ಹೋಪದೂ ಅವಳೇ. ನಾವು ಪಾಯಸ ಉಂಡ ಮಾತ್ರಕ್ಕೆ ಅದು ಯಾರಿಗೂ ಸುಲಭ ಆಗೂದಿಲ್ಲ. ನಾವು ಉಣ್ಣದೆ ಇದ್ರೆ ಇನ್ನೊಬ್ಬ ಹುಡುಗಿ ಪ್ರೀತಿ ಮಾಡೂದು ನಿಲ್ಲೂದಿಲ್ಲ. ಆದ್ರೆ ತಪ್ಪು ಹೆಜ್ಜೆ ಬಿದ್ದ ದಿನ ಅವಳು ತಾಯಿಮನೆಗೆ ಬರೂದು ನಿಲ್ತದೆ. ಎಲ್ಲಿಗೆ ಹೋಗ್ತಾಳೆ? ಕಳ್ಳ ಔಷಧ ಕೊಡುವವನ ಹತ್ರ, ಇಲ್ಲಾ ಬಾವಿಯ ಹತ್ರ. ಪೊದೆಯಲ್ಲಿ ಶಿಶು ಸಿಕ್ತು ಹೇಳಿ ಪೇಪರಿನಲ್ಲಿ ಓದಿ "ಎಂಥಾ ಕಟುಕಿ" ಅಂತೇವಲ್ಲ, ಆ ಶಿಶುವನ್ನು ಪೊದೆಯ ತನಕ ಹೊತ್ತದ್ದು ಅವಳ ಕೈ, ದೂಡಿದ್ದು ನಮ್ಮ ಬಾಯಿ.

ಇನ್ನೂ ಒಂದು ಹೇಳ್ತೆ, ಕೋಪ ಮಾಡ್ಕೊಳ್ಬೇಡಿ. 2019-21ರ ಅದೇ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಜನಕ್ಕೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅಂಥ ಮಗು ಹದಿನೇಳಕ್ಕೆ ಹೆತ್ರೆ ಬಳೆ ತೊಡಿಸ್ತೇವೆ, ಸೀಮಂತ ಮಾಡ್ತೇವೆ. ಇಪ್ಪತ್ನಾಲ್ಕರ ಹುಡುಗಿ ತಾಳಿ ಇಲ್ದೆ ಹೆತ್ರೆ ಬಾಗಿಲು ಹಾಕ್ತೇವೆ. ಕಾನೂನಿನಲ್ಲಿ ಯಾವುದು ಅಪರಾಧ, ಯಾವುದು ಅಲ್ಲ ಹೇಳಿ ಒಂದು ಸಲ ಕೂತು ಯೋಚನೆ ಮಾಡಿ.

ಮತ್ತೆ ಆ ಗಂಡು ಎಲ್ಲಿ? ಇಷ್ಟು ಹೊತ್ತಿನ ತನಕ ನಮ್ಮ ಮಾತಿನಲ್ಲಿ ಅವನು ಒಂದು ಸಲವೂ ಬರಲಿಲ್ಲ, ಗಮನಿಸಿದ್ರಾ? ಪಂಕ್ತಿಯಲ್ಲಿ ಅವನಿಗೆ ಯಾರೂ ಬೈಯಲಿಲ್ಲ. ಮದುವೆ ಆಗದೆ ಹುಟ್ಟಿದ ಮಗುವಿಗೂ ಅಪ್ಪ ಜೀವನಾಂಶ ಕೊಡಬೇಕು ಹೇಳಿ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಇತ್ತು, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ ಅದು 144ನೇ ಕಲಮು. ಅವಳಿಗೆ ಬೈಯೂಕೆ ಖರ್ಚು ಮಾಡಿದ ಉಸಿರಿನಲ್ಲಿ ಕಾಲು ಭಾಗ, ಈ ಕಲಮಿನ ವಿಷಯ ಅವಳಿಗೆ ಹೇಳೂಕೆ ಖರ್ಚು ಮಾಡಿದ್ರೆ ಆ ಮಗುವಿಗೆ ಹಾಲಿನ ದುಡ್ಡಾದ್ರೂ ಬರ್ತಿತ್ತು.

ಅಂಕೋಲೆ ಕಡೆ ಆಟ ಇದ್ರೆ ನಾವು ಚಾಪೆ ಹಿಡ್ಕೊಂಡು ಹೋಪವರೇ. ಕರ್ಣನ ಪ್ರಸಂಗದಲ್ಲಿ ಕುಂತಿ ಬಂದು ನೀನು ನನ್ನ ಮಗ ಹೇಳುವಾಗ ಸೆರಗು ಒದ್ದೆ ಆಗದವಳು ನಮ್ಮಲ್ಲಿ ಯಾರಿದ್ದಾರೆ? ಮದುವೆಗೆ ಮೊದಲು ಹುಟ್ಟಿದ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಟ್ಲು ಹೇಳಿ ಅಳ್ತೇವೆ. ಅಯ್ಯೋ, ಲೋಕದ ಬಾಯಿಗೆ ಹೆದರಿ ಹೀಂಗೆ ಮಾಡಿದ್ಲಲ್ಲ ಅಂತೇವೆ. ಬೆಳಗಾಗ್ತಾ ಚಾಪೆ ಸುತ್ಕೊಂಡು ಮನೆಗೆ ಬಂದು ನಾವೇ ಆ ಲೋಕದ ಬಾಯಿ ಆಗ್ತೇವೆ. ಈ ಹುಡುಗಿ ಕುಂತಿಯ ಹಾಗೆ ನೀರಿಗೆ ಬಿಡಲಿಲ್ಲ, ಎತ್ಕೊಂಡು ಬಸ್ ಸ್ಟಾಪಿಗೆ ಬಂದ್ಲು. ಅದಕ್ಕೆ "ನಾಚಿಕೆ ಇಲ್ಲ" ಅಂದ್ವಿ. ಸತ್ಯಕಾಮನ ಕತೆಯನ್ನೂ ಮಕ್ಕಳಿಗೆ ಹೇಳ್ತೇವೆ. ನಿನ್ನ ಅಪ್ಪ ಯಾರು ಹೇಳಿ ನನಗೆ ಗೊತ್ತಿಲ್ಲ ಮಗಾ ಅಂದ ಜಬಾಲೆಯ ಮಗ, ಅಮ್ಮನ ಹೆಸರು ಹೇಳಿಯೇ ಗುರುವಿನ ಹತ್ರ ವಿದ್ಯೆ ಕಲ್ತ. ಆ ಗುರು ನಮ್ಮ ಕೇರಿಯವನಾಗಿದ್ರೆ ಮೊದಲು ಅಪ್ಪನ ಆಧಾರ್ ಕಾರ್ಡು ತಾ ಅಂತಿದ್ನೋ ಏನೋ.

ಬೈದು ಮುಗೀತು, ಈಗ ಕೆಲಸದ ಮಾತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದ್ರೂ ಬೇಕಾದೀತು, ನೆನಪಿಟ್ಕೊಳ್ಳಿ.

ಹುಡುಗಿಗೆ ಮಗು ಬೇಡ ಅಂತಾದ್ರೆ, ಹದಿನೆಂಟು ತುಂಬಿದವಳಾದ್ರೆ ಅವಳ ಒಪ್ಪಿಗೆ ಒಂದೇ ಸಾಕು, ಅಪ್ಪ ಅಣ್ಣ ಸಹಿ ಹಾಕ್ಬೇಕಿಲ್ಲ. 1971ರ ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಬಂತು, ಅವಳ ಹೆಸರು ಗುಟ್ಟಾಗಿಡಬೇಕು ಹೇಳಿಯೂ ಅದೆ. 2022ರ ಸೆಪ್ಟೆಂಬರ್ 29ಕ್ಕೆ ಸುಪ್ರೀಂ ಕೋರ್ಟ್, ಮದುವೆಯಾದವಳು ಆಗದವಳು ಹೇಳಿ ಭೇದ ಮಾಡುವ ಹಾಗಿಲ್ಲ, 24 ವಾರದ ತನಕದ ಅವಕಾಶ ಇಬ್ಬರಿಗೂ ಅದೆ ಅಂತು. ತಡ ಮಾಡಿದಷ್ಟೂ ಕಷ್ಟ, ಆದಷ್ಟು ಬೇಗ ಸರಿಯಾದ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹದಿನೆಂಟರ ಒಳಗಿನವಳಾದ್ರೆ ಅದು ಪೋಕ್ಸೋ ಕೇಸು, ಮದುವೆ ಮಾಡಿ ಮುಚ್ಚಿ ಹಾಕೂಕೆ ಹೋಗ್ಬೇಡಿ.

ಹೆರ್ತೆ ಅಂದ್ರೆ, ತಾಯಿ ಕಾರ್ಡು, ಅಂಗನವಾಡಿಯ ಮಾತೃಪೂರ್ಣದ ಊಟ ಅವಳಿಗೂ ಅದೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ಬರ್ತದೆ, ಮೊದಲು ಗಂಡನ ಆಧಾರ್ ಕೇಳ್ತಿದ್ರು, 2022ರ ಹೊಸ ನಿಯಮದಲ್ಲಿ ಅದು ಕಡ್ಡಾಯ ಅಲ್ಲ. ಯಾರಾದ್ರೂ ಕೇಳಿದ್ರೆ ಅವಳ ಜೊತೆ ನಿಂತು ಇದನ್ನು ಹೇಳಿ. ಒಬ್ಳೇ ಹೋದ್ರೆ ಗದರಿಸಿ ಕಳಿಸ್ತ್ರು, ನಾಲ್ಕು ಜನ ಹೆಂಗಸರು ಹೋದ್ರೆ ಕುರ್ಚಿ ಕೊಡ್ತ್ರು.

ಹೆತ್ತ ಮೇಲೆ ಸಾಕೂಕೆ ಆಗೂದೇ ಇಲ್ಲ ಅಂತಾದ್ರೆ, ಅದಕ್ಕೂ ಮರ್ಯಾದೆಯ ದಾರಿ ಅದೆ. ಮಕ್ಕಳ ಕಲ್ಯಾಣ ಸಮಿತಿಯ ಎದುರು ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದ್ರೆ ವಾಪಸ್ ಕೇಳೂಕೆ ಎರಡು ತಿಂಗಳು ಸಮಯ ಕೊಡ್ತ್ರು. 1098ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತ್ರು. ಪೊದೆ ಬೇಡ, ಬಾವಿ ಬೇಡ.

ನಾನು ಮದುವೆ ಬೇಡ ಹೇಳೂದಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು, ಗಂಡನ ಜೊತೆ ಜಗಳ ಮಾಡ್ತಾ ಚಲೋ ಇದ್ದೆ. ನನ್ನ ಮೊಮ್ಮಗಳಿಗೂ ಒಳ್ಳೇ ಗಂಡು ಸಿಗಲಿ ಹೇಳಿಯೇ ದೇವರ ಹತ್ರ ಕೇಳೂದು. ಆದ್ರೆ ಸಿಗದೆ ಹೋದ ದಿನ, ಸಿಕ್ಕವನು ಕೈ ಕೊಟ್ಟ ದಿನ, ಅವಳು ಹೆದರದೆ ನಮ್ಮ ಜಗಲಿ ಹತ್ತುವ ಹಾಗಿರಲಿ ಹೇಳಿಯೂ ಕೇಳ್ತೆ.

ಬರುವ ತಿಂಗಳು ಆ ಮಗುವಿಗೆ ಎರಡು ತುಂಬ್ತದೆ. ಈ ಸಲ ಪಾಯಸ ಅವಳ ಆಯಿ ಮಾಡೂದು ಬೇಡ, ನಾನು ಮಾಡ್ತೆ. ನಲವತ್ತು ಜನಕ್ಕೇ ಮಾಡ್ತೆ, ಒಂದು ಲೋಟವೂ ಕಡಿಮೆ ಇಲ್ಲ. ದಿನ ಗೊತ್ತಾದ ಮೇಲೆ ಮನೆಮನೆಗೆ ಬಂದು ನಾನೇ ಕರೀತೆ. ಮಂಡಿ ನೋವು ಇರುವವರು ಮೊದಲೇ ಹೇಳಿ, ರಿಕ್ಷಾ ಕಳಿಸ್ತೆ.